ಲೈಸೆನ್ಸ್ ಬೇಡದ ರೈಫಲ್‌ಗೇ ಕೌಂಟರ್‌ನಲ್ಲಿ ಹೆಚ್ಚು ಪ್ರಶ್ನೆ

ಪ್ರಶ್ನೆ: ನಾವು ಮಡಿಕೇರಿ ಹತ್ತಿರದವರು. ಮಗಳಿಗೆ ಹದಿನೇಳು, 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ನಾನು .22 ರೈಫಲ್‌ನಲ್ಲಿ 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವುದು, ಹಿರಿಯರ ವಿಭಾಗ. ಇಷ್ಟು ವರ್ಷ ರೈಲಿನಲ್ಲೇ ಓಡಾಡಿದ್ದೇವೆ. ಈ ಸಲ ಅವಳ ಪರೀಕ್ಷೆಗೂ ದೆಹಲಿಯ ಸ್ಪರ್ಧೆಗೂ ನಡುವೆ ಮೂರೇ ದಿನ, ಹಾಗಾಗಿ ಬೆಂಗಳೂರಿನಿಂದ ವಿಮಾನ ಹತ್ತಲೇಬೇಕು. ನನ್ನ ರೈಫಲ್ ಇರುವುದು ಕೊಡವರಿಗೆ ಸಿಗುವ ವಿನಾಯಿತಿ ಪತ್ರದ ಮೇಲೆ, ಲೈಸೆನ್ಸ್ ಇಲ್ಲ. ಮಗಳದ್ದಕ್ಕೆ ಲೈಸೆನ್ಸೇ ಬೇಡ ಅಂತಾರೆ. ಹಾಗಾದರೆ ಏರ್‌ಪೋರ್ಟ್‌ನಲ್ಲಿ ಏನು ತೋರಿಸುವುದು? ತೋಟಾ ಎಷ್ಟು ಒಯ್ಯಬಹುದು? ಏರ್ ರೈಫಲ್‌ನ ಗಾಳಿ ಸಿಲಿಂಡರ್ ಬಿಡುತ್ತಾರಾ?

ಉತ್ತರ: ಎಲ್ಲರೂ .22 ಬಗ್ಗೆ ಹೆದರುತ್ತಾರೆ, ಏರ್ ರೈಫಲ್ ಬಗ್ಗೆ ನಿಶ್ಚಿಂತರಾಗಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಇಪ್ಪತ್ತು ವರ್ಷ ಊರೂರು ಸುತ್ತಿದ ನನಗೆ ಕಂಡದ್ದು ಇದರ ಉಲ್ಟಾ. ಲೈಸೆನ್ಸ್ ಇರುವ ಬಂದೂಕಿಗೆ ತೋರಿಸಲು ಒಂದು ಪುಸ್ತಕ ಇದೆ. ಅದರಲ್ಲಿ ಫೋಟೋ, ಬಂದೂಕಿನ ನಂಬರು, ಸರ್ಕಾರದ ಮೊಹರು ಎಲ್ಲ ಇರುತ್ತದೆ. ಕೌಂಟರ್‌ನಲ್ಲಿ ಕೂತ ಹುಡುಗಿಗೆ ಅದು ಅರ್ಥವಾಗುತ್ತದೆ. ಏರ್ ರೈಫಲ್ ಮುಂದಿಟ್ಟು ‘ಇದಕ್ಕೆ ಲೈಸೆನ್ಸ್ ಬೇಡ’ ಅಂದರೆ ಅವಳ ಮುಂದೆ ಇರುವುದು ನೋಡಲು ಥೇಟ್ ಬಂದೂಕಿನಂತಿರುವ ವಸ್ತು ಮತ್ತು ನಿಮ್ಮ ಬಾಯಿಮಾತು, ಇಷ್ಟೇ. ಅವಳು ಮೇಲಧಿಕಾರಿಗೆ ಫೋನ್ ಮಾಡುತ್ತಾಳೆ, ಅವರು ಇನ್ನೊಬ್ಬರಿಗೆ ಮಾಡುತ್ತಾರೆ. ಅಷ್ಟರಲ್ಲಿ ಬೋರ್ಡಿಂಗ್ ಮುಗಿದಿರುತ್ತದೆ.

ಹಾಗಾಗಿ ಮಗಳ ರೈಫಲ್‌ಗೆ ನೀವೇ ಒಂದು ‘ಪುಸ್ತಕ’ ಕಟ್ಟಬೇಕು. ಕಾನೂನು ನಿಮ್ಮ ಪರವಾಗಿಯೇ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ .177 ಅಂಗುಲ, ಅಂದರೆ 4.5 ಮಿಲಿಮೀಟರ್ ಮೀರದ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್‌ನಲ್ಲಿ ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಏಳೆಂಟು ಜೂಲ್, ಮಿತಿಯ ಅರ್ಧಕ್ಕಿಂತ ಕಡಿಮೆ. ಆದರೆ ಈ ಲೆಕ್ಕವನ್ನು ಕೌಂಟರ್‌ನಲ್ಲಿ ನಿಂತು ಬಾಯಲ್ಲಿ ಒಪ್ಪಿಸಿದರೆ ಯಾರೂ ಕೇಳುವುದಿಲ್ಲ. ರೈಫಲ್ ಜತೆ ಬಂದ ಕೈಪಿಡಿಯಲ್ಲಿ ಕ್ಯಾಲಿಬರ್ ಮತ್ತು ಜೂಲ್ ಅಚ್ಚಾಗಿರುವ ಪುಟ ತೆಗೆದಿಡಿ. ನಿಯಮದ ಆ ಪುಟವನ್ನೂ ಪ್ರಿಂಟ್ ಮಾಡಿ, ಸಾಲಿನ ಕೆಳಗೆ ಗೆರೆ ಎಳೆಯಿರಿ. ಖರೀದಿ ಬಿಲ್ ಬೇಕು, ಅದರಲ್ಲಿ ರೈಫಲ್ ನಂಬರು ಇರಲೇಬೇಕು. ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ರಾಜ್ಯ ರೈಫಲ್ ಅಸೋಸಿಯೇಷನ್‌ನ ಪತ್ರ: ಇಂಥ ಹೆಸರಿನ ಕ್ರೀಡಾಪಟು, ಇಂಥ ನಂಬರಿನ ರೈಫಲ್, ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ರೇಂಜ್‌ನಲ್ಲಿ ಸ್ಪರ್ಧೆ ಎಂದು ಲೆಟರ್‌ಹೆಡ್ ಮೇಲೆ ಇಂಗ್ಲಿಷ್‌ನಲ್ಲಿ, ಸಹಿ ಮತ್ತು ಸೀಲ್ ಸಮೇತ. ಎಂಟ್ರಿ ಆದದ್ದಕ್ಕೆ ದಾಖಲೆ ಮತ್ತು ಅವಳ ಶೂಟರ್ ಗುರುತಿನ ಚೀಟಿಯನ್ನು ಅದರ ಹಿಂದೆ ಪಿನ್ ಮಾಡಿ. ಎಲ್ಲದರ ಮೂರು ಪ್ರತಿ ಇರಲಿ. ಒಂದನ್ನು ಕೌಂಟರ್‌ನವರು ಇಟ್ಟುಕೊಳ್ಳುತ್ತಾರೆ, ಇನ್ನೊಂದನ್ನು ಭದ್ರತೆಯವರು ಕೇಳುತ್ತಾರೆ, ಬರುವಾಗ ಮತ್ತೊಂದು ಬೇಕು.

ದೊಡ್ಡ ಆಟಗಾರರಿಗೆ ಈ ಕಾಟ ಇಲ್ಲ ಅಂದುಕೊಳ್ಳಬೇಡಿ. 2021ರ ಫೆಬ್ರವರಿಯಲ್ಲಿ ಮನು ಭಾಕರ್ ಅಭ್ಯಾಸಕ್ಕೆಂದು ದೆಹಲಿಯಿಂದ ಭೋಪಾಲಕ್ಕೆ ಹೊರಟಿದ್ದರು. ಒಲಿಂಪಿಕ್ಸ್ ಕೋಟಾ ಗೆದ್ದಾಗಿತ್ತು, ಪರವಾನಗಿ ಪತ್ರಗಳೂ ಕೈಲಿದ್ದವು. ಆದರೂ ವಿಮಾನ ಹತ್ತಲು ಬಿಡುತ್ತಿಲ್ಲ, 10,200 ರೂಪಾಯಿ ಕೇಳುತ್ತಿದ್ದಾರೆ ಎಂದು ಅವರು ಅಲ್ಲಿಂದಲೇ ಟ್ವೀಟ್ ಮಾಡಬೇಕಾಯಿತು. ಕ್ರೀಡಾ ಸಚಿವರೇ ಮಧ್ಯೆ ಬಂದ ಮೇಲೆ ವಿಮಾನ ಹತ್ತಿದರು. ನಮಗೆ ನಿಮಗೆ ಸಚಿವರು ಸಿಗುವುದಿಲ್ಲವಲ್ಲ, ಅದಕ್ಕೇ ಮೂರು ಪ್ರತಿ.

ಇನ್ನು ನಂಬರಿನ ವಿಷಯ. ನಾಳೆ ಬೆಳಿಗ್ಗೆ ಬೆಳಕಿನಲ್ಲಿ ರೈಫಲ್ ಹೊರಗೆ ತೆಗೆದು, ಅದರ ಮೈಮೇಲೆ ಕೊರೆದಿರುವ ನಂಬರನ್ನು ಒಂದೊಂದೇ ಅಂಕಿ ಓದಿ ಕಾಗದದ ಜತೆ ತಾಳೆ ನೋಡಿ. ನಗಬೇಡಿ. ನನ್ನ ಒಬ್ಬ ಶಿಷ್ಯನ ಪತ್ರದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಟೈಪ್ ಆಗಿತ್ತು. ಕಣ್ಣಿಗೆ ಎರಡೂ ಒಂದೇ. ಆದರೆ ಕೌಂಟರ್‌ನವರು ಅದನ್ನು ಕಂಪ್ಯೂಟರ್‌ಗೆ ಹಾಕಿದಾಗ ಹೊಂದಿಕೆ ಆಗಲಿಲ್ಲ. ಅವನು ಮಾರನೇ ದಿನದ ವಿಮಾನಕ್ಕೆ ಹೋದ. ಅಭ್ಯಾಸದ ದಿನ ಕೈತಪ್ಪಿತು.

ಈಗ ನಿಮ್ಮ ವಿನಾಯಿತಿ ಪತ್ರ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ 1963ರ ಅಧಿಸೂಚನೆಯಲ್ಲಿ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಜಿಲ್ಲೆಯ ಹೊರಗೆ ಒಯ್ಯುವಾಗ ಎಷ್ಟು ಬಂದೂಕು, ಎಷ್ಟು ತೋಟಾ ಎಂಬ ಮಿತಿಯೂ ಅದೇ ಅಧಿಸೂಚನೆಯಲ್ಲಿದೆ, ಅದನ್ನು ಓದಿಕೊಳ್ಳಿ. ಕಾನೂನಿನ ಕಣ್ಣಿಗೆ ನೀವು ಸರಿ. ಕಷ್ಟ ಬೇರೆ ಕಡೆ. ವಿಮಾನಯಾನ ಕಂಪನಿಯ ಫಾರಂನಲ್ಲಿ ‘ಲೈಸೆನ್ಸ್ ನಂಬರ್, ಕೊಟ್ಟ ಅಧಿಕಾರಿ, ಅವಧಿ’ ಎಂದು ಮೂರು ಖಾನೆ ಇರುತ್ತವೆ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋಳ್ದ್‌ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಇಟ್ಟು ಪೂಜೆ ಮಾಡುವ ಊರೊಂದು ಇದೆ, ಅಲ್ಲಿಯವರಿಗೆ ಲೈಸೆನ್ಸ್ ಬೇಡ ಎಂದು ದೆಹಲಿಯಲ್ಲಿ ಕೂತ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಬೆಂಗಳೂರಿನಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಕೊಡಗಿನ ಸಂಗತಿ ಗೊತ್ತಿರುತ್ತದೆ. ಆತಂಕ ಇರುವುದು ಬರುವಾಗ.

ಎರಡು ಕೆಲಸ ಮಾಡಿ. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರದ ಜತೆಗೆ, ಇಂಥ ನಂಬರಿನ ರೈಫಲ್ ಇವರದ್ದು, ಇಂಥ ಅಧಿಸೂಚನೆಯ ಪ್ರಕಾರ ಲೈಸೆನ್ಸ್ ಅಗತ್ಯವಿಲ್ಲ ಎಂದು ಇಂಗ್ಲಿಷ್‌ನಲ್ಲಿ ಒಂದು ಪುಟ ಮಾಡಿಸಿಕೊಳ್ಳಿ. ಅದನ್ನು ಸ್ಕ್ಯಾನ್ ಮಾಡಿ ಕಂಪನಿಗೆ ಇ–ಮೇಲ್ ಕಳಿಸಿ, ‘ಈ ದಾಖಲೆ ಒಪ್ಪುತ್ತೇವೆ’ ಎಂಬ ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಟಿಕೆಟ್ ಮಾಡಬೇಡಿ. ಕಾಲ್ ಸೆಂಟರ್‌ನವರು ಫೋನ್‌ನಲ್ಲಿ ‘ಆಗುತ್ತೆ ಸರ್’ ಅಂದರೆ ಅದು ಉತ್ತರ ಅಲ್ಲ. ಇನ್ನು ಮುಂದಿನ ಮಾತಿಗೆ, ವರ್ಷಕ್ಕೆ ಎರಡು ಮೂರು ಸಲ ಹೊರರಾಜ್ಯಕ್ಕೆ ಹೋಗುವವರು ಈ ಒಂದು ರೈಫಲ್‌ಗಾದರೂ ದೇಶದಾದ್ಯಂತ ಊರ್ಜಿತವಾಗುವ ಮಾಮೂಲಿ ಲೈಸೆನ್ಸ್ ಮಾಡಿಸಿಕೊಳ್ಳುವುದು ಒಳ್ಳೆಯದು. ಹಕ್ಕು ಇರುವಾಗ ಅರ್ಜಿ ಯಾಕೆ ಹಾಕಬೇಕು ಎಂದು ನಿಮ್ಮ ಕಡೆಯವರು ನನ್ನ ಜತೆ ಜಗಳ ಆಡಿದ್ದಾರೆ. ಅವರ ಮಾತು ನ್ಯಾಯವೇ. ಆದರೆ ವಿಮಾನ ಕಾಯುವುದಿಲ್ಲ.

ತೋಟಾ ಎಷ್ಟು? ಅಂತರರಾಷ್ಟ್ರೀಯ ವಾಯು ಸಾರಿಗೆ ನಿಯಮ ತೂಕದಲ್ಲಿ ಮಾತಾಡುತ್ತದೆ. ಒಬ್ಬ ಪ್ರಯಾಣಿಕ, ಸ್ವಂತ ಬಳಕೆಗೆ, ಪ್ಯಾಕಿಂಗ್ ಸೇರಿ 5 ಕಿಲೋ, ಅದೂ ಕಂಪನಿ ಮೊದಲೇ ಒಪ್ಪಿದರೆ. ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಗೆ ಸೇರಿಸುವಂತಿಲ್ಲ. ಸಿಡಿಯುವ, ಬೆಂಕಿ ಹಚ್ಚುವ ಗುಂಡು ನಿಷಿದ್ಧ, ಅದು ಹೇಗೂ ನಮ್ಮ ಆಟದ್ದಲ್ಲ. .22ರ 50 ತೋಟಾದ ಒಂದು ಡಬ್ಬಿ ಸುಮಾರು 175 ಗ್ರಾಂ ತೂಗುತ್ತದೆ. 5 ಕಿಲೋ ಅಂದರೆ ಸಾವಿರಕ್ಕೂ ಹೆಚ್ಚು ತೋಟಾ, ನಿಮಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಟ್ರ್ಯಾಪ್, ಅಂದರೆ ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವವರ ಪಾಡು ಬೇರೆ. ಅವರ 12 ಬೋರ್ ಕಾಡತೂಸು ಒಂದೊಂದೇ 40 ಗ್ರಾಂ ಹತ್ತಿರ ಇರುತ್ತದೆ, 5 ಕಿಲೋ ಅನ್ನುವಷ್ಟರಲ್ಲಿ ನೂರಿಪ್ಪತ್ತಕ್ಕೆ ನಿಂತಿತು. ಅವರ ಅರ್ಹತಾ ಸುತ್ತಿನಲ್ಲಿ ಗುರಿಗಳೇ 125. ಪಾಪ, ಅವರು ರೇಂಜ್‌ನಲ್ಲೇ ಕೊಳ್ಳುತ್ತಾರೆ.

ನಿಮ್ಮ ತೊಡಕು ತೂಕದ್ದಲ್ಲ, ಎಣಿಕೆಯದ್ದು. ಆತ್ಮರಕ್ಷಣೆಯ ಲೈಸೆನ್ಸ್ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ‘ಒಬ್ಬರಿಗೆ 50 ತೋಟಾ’ ಎಂಬ ಲೆಕ್ಕ ಕೌಂಟರ್‌ಗಳಲ್ಲಿ ಕೇಳಿಬರುತ್ತದೆ. ಪ್ರೋನ್ ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಹೋಗುವ ಹೊಡೆತವೇ 60, ಅದಕ್ಕೆ ಮೊದಲು ಇಪ್ಪತ್ತು ಮೂವತ್ತು ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷಾ ಹೊಡೆತ), ಹಿಂದಿನ ದಿನದ ಅಭ್ಯಾಸ ಬೇರೆ. ಐವತ್ತು ತೋಟಾ ಹಿಡಿದು ಹೋದರೆ, ಒಂದೂ ಸೈಟರ್ ಹೊಡೆಯದಿದ್ದರೂ ಹತ್ತು ಹೊಡೆತ ಬಾಕಿ ಇರುವಾಗ ಎದ್ದು ಬರಬೇಕು. ಅಲ್ಲೇ ಕೊಂಡರಾಯಿತು ಅನ್ನುವಂತಿಲ್ಲ ಎಂದು ನಿಮಗೆ ಗೊತ್ತು. ಒಂದೇ ಕಂಪನಿಯ ಒಂದೇ ಮಾರ್ಕಿನ ತೋಟಾದಲ್ಲೂ ಒಂದು ಲಾಟ್ ನಿಮ್ಮ ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಲಾಟ್ ಹತ್ತರ ವೃತ್ತ ಬಿಟ್ಟು ಒಂಬತ್ತಕ್ಕೆ ಚೆದುರುತ್ತದೆ. ಹೀಗಾಗಿ ಅಸೋಸಿಯೇಷನ್ ಪತ್ರದಲ್ಲೇ ‘ಸ್ಪರ್ಧೆಗೆ ಮತ್ತು ಅಭ್ಯಾಸಕ್ಕೆ .22ರ 200 ತೋಟಾ’ ಎಂದು ಅಂಕಿಯಲ್ಲಿ ಬರೆಸಿ, ಕಂಪನಿಗೆ ಕಳಿಸುವ ಇ–ಮೇಲ್‌ನಲ್ಲೂ ಅದೇ ಅಂಕಿ ಹಾಕಿ. ನಿಮ್ಮ ವಿನಾಯಿತಿಯ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ನಿಮಗೆ ಅಂತಿಮ. ತೋಟಾ ಕಂಪನಿಯ ಮೂಲ ಡಬ್ಬಿಯಲ್ಲೇ ಇರಬೇಕು. ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡು ಬಂದವರನ್ನು ನೋಡಿದ್ದೇನೆ, ಅಲ್ಲಿಗೇ ಅವರ ಪ್ರಯಾಣ ಮುಗಿಯಿತು.

ಮಗಳ ಪೆಲೆಟ್‌ನಲ್ಲಿ ಮದ್ದು ಇಲ್ಲ, ಬರೀ ಸೀಸ. 500ರ ಒಂದು ಡಬ್ಬಿ ಸಾಕು, ಎರಡಿದ್ದರೆ ಧಾರಾಳ. ಅದೂ ಚೆಕ್–ಇನ್ ಸಾಮಾನಿನಲ್ಲೇ ಹೋಗಲಿ. ಕೈಚೀಲದಲ್ಲಿ ಪೆಲೆಟ್ ಕಂಡರೆ ಎಕ್ಸ್‌–ರೇ ಮುಂದೆ ಕೂತವರು ಅದನ್ನು ಗುಂಡು ಎಂದೇ ಕರೆಯುತ್ತಾರೆ.

ಸಿಲಿಂಡರ್ ಬಿಡುತ್ತಾರೆ, ಖಾಲಿ ಇದ್ದರೆ. ಅದರೊಳಗೆ 200 ಬಾರ್ ಒತ್ತಡ ತುಂಬಿರುತ್ತದೆ, ಕಾರಿನ ಟೈರ್‌ನಲ್ಲಿ ಇರುವುದರ ನೂರು ಪಟ್ಟು ಹತ್ತಿರ. ಅದನ್ನು ಹಾಗೇ ವಿಮಾನಕ್ಕೆ ಹತ್ತಿಸುವುದಿಲ್ಲ. ಹಿಂದಿನ ರಾತ್ರಿ ಮನೆಯಲ್ಲೇ ಖಾಲಿ ಮಾಡಿ. ರೈಫಲ್ ಜತೆ ಗಾಳಿ ಬಿಡುವ ಸಣ್ಣ ಹಿತ್ತಾಳೆ ಸ್ಕ್ರೂ ಒಂದು ಬಂದಿರುತ್ತದೆ, ಬಹಳ ಜನ ಅದನ್ನು ಡಬ್ಬಿಯ ಸ್ಪಂಜಿನ ಕೆಳಗೆ ಮರೆತಿರುತ್ತಾರೆ. ಸಿಲಿಂಡರ್ ಬಿಚ್ಚಿ, ಸ್ಕ್ರೂ ಹಾಕಿ, ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಸುಯ್ಯೆಂದು ಸಣ್ಣಗೆ ಹೊರಡಬೇಕು. ಒಂದೇ ಸಲ ಬಿಟ್ಟರೆ ಸಿಲಿಂಡರಿನ ಬಾಯಿ ಹೆಪ್ಪುಗಟ್ಟುವಷ್ಟು ತಣ್ಣಗಾಗಿ ಮೇಲೆ ಬಿಳಿ ಹಿಮ ಕೂರುತ್ತದೆ, ಒಳಗಿನ ರಬ್ಬರ್ ರಿಂಗು ಗಟ್ಟಿಯಾಗಿ ಆಮೇಲೆ ಗಾಳಿ ಸೋರುತ್ತದೆ. ಮಾಪಕದ ಮುಳ್ಳು ಸೊನ್ನೆಗೆ ಬಂದ ಮೇಲೆ ಸಿಲಿಂಡರನ್ನು ರೈಫಲ್‌ಗೆ ಮತ್ತೆ ತಿರುಗಿಸಬೇಡಿ, ಬಿಚ್ಚಿದ್ದು ಬಿಚ್ಚಿದಂತೆಯೇ ಪೆಟ್ಟಿಗೆಯಲ್ಲಿ ಇಡಿ. ‘ಖಾಲಿ ಅಂತ ಹೇಗೆ ನಂಬುವುದು’ ಎಂದು ಕೇಳಿದಾಗ ಆ ಮುಳ್ಳು ತೋರಿಸಿದರೆ ಮಾತು ಮುಗಿಯುತ್ತದೆ. ದೆಹಲಿಯ ಕರ್ಣಿ ಸಿಂಗ್ ರೇಂಜ್‌ನಂಥ ದೊಡ್ಡ ಜಾಗದಲ್ಲಿ ತುಂಬಿಸಿಕೊಳ್ಳುವುದು ಕಷ್ಟವಲ್ಲ, ಜೋಡಿಸುವ ಅಡಾಪ್ಟರ್ ಮಾತ್ರ ನಿಮ್ಮದೇ ಇರಲಿ. ಖಾಲಿ ಮಾಡುವಾಗಲೇ ಸಿಲಿಂಡರ್ ಮೇಲಿನ ತಾರೀಖನ್ನೂ ಒಮ್ಮೆ ನೋಡಿ. ಹತ್ತು ವರ್ಷ ದಾಟಿದ್ದನ್ನು ಸ್ಪರ್ಧೆಯ ಸಲಕರಣೆ ತಪಾಸಣೆಯಲ್ಲಿ ಒಪ್ಪುವುದಿಲ್ಲ. ವಿಮಾನ ದಾಟಿ ಅಲ್ಲಿ ಸಿಕ್ಕಿಬಿದ್ದರೆ ಏನು ಬಂತು?

ಪ್ಯಾಕಿಂಗ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಟ್ಟಿ ಪೆಟ್ಟಿಗೆ, ಎರಡು ಬೀಗ, ಕೀಲಿ ನಿಮ್ಮ ಜೇಬಿನಲ್ಲಿ. ನಿಮ್ಮ .22ರ ಬೋಲ್ಟ್ ಹೊರಗೆ ತೆಗೆದು ಅದೇ ಪೆಟ್ಟಿಗೆಯಲ್ಲಿ ಬೇರೆಯಾಗಿ ಇಡಿ. ಎರಡೂ ನಳಿಗೆಗೆ, ಒಳಗೆ ಗುಂಡಿಲ್ಲ ಎಂದು ತೋರಿಸುವ ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಿ, ಪೆಟ್ಟಿಗೆ ತೆರೆದ ಕೂಡಲೇ ಮೊದಲು ಕಾಣಬೇಕಾದ್ದು ಅದೇ. ಬೋಲ್ಟ್, ಡಯಾಪ್ಟರ್ (ಕಣ್ಣಿಟ್ಟು ಗುರಿ ನೋಡುವ ಹಿಂದಿನ ಸೈಟ್), ಅಲೆನ್ ಕೀಗಳು ಯಾವುದೂ ಕೈಚೀಲಕ್ಕೆ ಬೇಡ. ನಳಿಗೆ ಶುಚಿ ಮಾಡುವ ದ್ರಾವಣ, ಎಣ್ಣೆಯ ಸ್ಪ್ರೇ ಡಬ್ಬಿ ಮನೆಯಲ್ಲೇ ಇರಲಿ, ಬೆಂಕಿ ಹಿಡಿಯುವ ಸಾಮಾನು ವಿಮಾನದಲ್ಲಿ ಎಲ್ಲಿಯೂ ಸಲ್ಲುವುದಿಲ್ಲ. ಡಯಾಪ್ಟರ್ ಬಿಚ್ಚುವ ಮೊದಲು, ಬಟ್‌ಪ್ಲೇಟ್ ಎಷ್ಟನೇ ಗೆರೆಯಲ್ಲಿದೆ, ಚೀಕ್‌ಪೀಸ್ ಎಷ್ಟು ಎತ್ತರ ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ತೂಕದ ಲೆಕ್ಕವನ್ನೂ ಮೊದಲೇ ಮಾಡಿ: ಅವಳ ರೈಫಲ್ ನಿಯಮದ ಮಿತಿಯಾದ 5.5 ಕಿಲೋ ಹತ್ತಿರ, ನಿಮ್ಮದು 8 ಕಿಲೋವರೆಗೆ, ಮೇಲೆ ಪೆಟ್ಟಿಗೆ ತಲಾ ನಾಲ್ಕೈದು. ದೇಶದೊಳಗಿನ ಅಗ್ಗದ ಟಿಕೆಟ್‌ಗೆ ಸಾಮಾನ್ಯವಾಗಿ ಸಿಗುವ 15 ಕಿಲೋದಲ್ಲಿ ಜಾಕೆಟ್ಟು, ಪ್ಯಾಂಟು, ಬೂಟಿಗೆ ಎಲ್ಲಿ ಜಾಗ? ಹೆಚ್ಚುವರಿ ತೂಕವನ್ನು ಆನ್‌ಲೈನ್‌ನಲ್ಲೇ ಕೊಳ್ಳಿ. ಶಸ್ತ್ರಕ್ಕೆ ಪ್ರತ್ಯೇಕ ಶುಲ್ಕ ಉಂಟೇ, ಎಷ್ಟು ಎಂದು ಅದೇ ಇ–ಮೇಲ್‌ನಲ್ಲಿ ಕೇಳಿ, ಮನು ಅವರಿಗೆ ಆದದ್ದು ನೆನಪಿರಲಿ.

ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮೊದಲು ತಲುಪಿ. ಒಳಗೆ ಬಿಡುವ ಗೇಟಿನಲ್ಲೇ ಟಿಕೆಟ್ ಜತೆ ‘ಸ್ಪರ್ಧೆಯ ರೈಫಲ್ ಇದೆ, ಪತ್ರ ಇಲ್ಲಿದೆ’ ಎಂದು ಹೇಳಿ. ಕೇಳಿದ ಮೇಲೆ ಹೇಳುವುದಕ್ಕೂ ಮೊದಲೇ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಕೌಂಟರ್‌ನಲ್ಲಿ ಘೋಷಣಾ ಪತ್ರ ತುಂಬಬೇಕು. ಆಮೇಲೆ ಕಂಪನಿಯ ಭದ್ರತಾ ಸಿಬ್ಬಂದಿ ಬಂದು ಪೆಟ್ಟಿಗೆ ತೆರೆಸಿ, ನಳಿಗೆ ಖಾಲಿಯೇ ಎಂದು ನೋಡುತ್ತಾರೆ. ಅವರು ಹೇಳುವವರೆಗೆ ರೈಫಲ್ ಮುಟ್ಟಬೇಡಿ. ಹೇಳಿದಾಗಲೂ ನಳಿಗೆ ಗೋಡೆಯ ಕಡೆ ಇರಲಿ. ನಿಮಗೆ ಅದು ದಿನನಿತ್ಯದ ಸಾಮಾನು, ಸಾಲಿನಲ್ಲಿ ಹಿಂದೆ ನಿಂತ ಅಜ್ಜಿಗೆ ಅಲ್ಲ. ಮಗಳಿಗೆ ಇನ್ನೂ ಹದಿನೇಳು ಆದ್ದರಿಂದ ಇಬ್ಬರದೂ ಒಂದೇ ಬುಕಿಂಗ್‌ನಲ್ಲಿರಲಿ, ಮಾತು ನೀವೇ ಆಡಿ. ನಡುವೆ ವಿಮಾನ ಬದಲಾಯಿಸುವ ಟಿಕೆಟ್ ಸಾವಿರ ರೂಪಾಯಿ ಅಗ್ಗ ಇದ್ದರೂ ಬೇಡ, ನೇರ ವಿಮಾನವೇ ಇರಲಿ. ದೆಹಲಿಯಲ್ಲಿ ಇಳಿದ ಮೇಲೆ ಪೆಟ್ಟಿಗೆ ಬೆಲ್ಟ್ ಮೇಲೆ ಬರುತ್ತದೋ ಕೈಗೆ ಕೊಡುತ್ತಾರೋ ಎಂದು ಇಲ್ಲೇ ಕೇಳಿಕೊಳ್ಳಿ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆ ಮುಗಿಸಿ ವಾಪಸ್ ಹೊರಟಿದ್ದೆ. ರೈಫಲ್, ತೋಟಾ ಎಲ್ಲ ಕ್ರಮವಾಗಿ ಒಪ್ಪಿಸಿಯಾಗಿತ್ತು. ಹೆಗಲಲ್ಲಿ ಒಂದು ಸಣ್ಣ ಚೀಲ, ಅದರಲ್ಲಿ ಕೈಗವಸು, ನೀರಿನ ಬಾಟಲಿ, ಅರ್ಧ ತಿಂದ ಬಾಳೆಹಣ್ಣಿನ ಚಿಪ್ಸ್. ಎಕ್ಸ್‌–ರೇ ದಾಟಿ ಚೀಲ ಬರಲೇ ಇಲ್ಲ. ‘ಇದು ನಿಮ್ಮದಾ?’ ಅಂದರು. ಚೀಲ ಬೋರಲು ಹಾಕಿ ಕೊಡವಿದರೂ ಏನೂ ಬೀಳಲಿಲ್ಲ. ಆಮೇಲೆ ಒಳಬಟ್ಟೆಯ ಹೊಲಿಗೆ ಬಿಟ್ಟ ಜಾಗದಲ್ಲಿ ಬೆರಳು ತೂರಿಸಿ ಒಂದನ್ನು ಹೊರಗೆ ತೆಗೆದರು. ಒಂದೇ ಒಂದು .22 ತೋಟಾ. ಯಾವಾಗಿನದ್ದೋ ಏನೋ, ಹಿತ್ತಾಳೆ ಕಪ್ಪಗಾಗಿತ್ತು. ಬೆವರು ಕಿತ್ತುಬಂತು. ಲೈಸೆನ್ಸ್ ಅದೇ ಕ್ಯಾಲಿಬರ್‌ನದ್ದಾದ್ದರಿಂದ ಹೇಳಿಕೆ ಬರೆಸಿಕೊಂಡು ಬಿಟ್ಟರು, ವಿಮಾನ ಮಾತ್ರ ಹೋಗಿತ್ತು. ಲೈಸೆನ್ಸ್ ಇಲ್ಲದವರ ಚೀಲದಲ್ಲಿ ಹೀಗೆ ಸಿಕ್ಕರೆ ಪೊಲೀಸ್ ಠಾಣೆ, ಎಫ್‌ಐಆರ್. ವಸ್ತು ತನ್ನ ಬಳಿ ಇದೆಯೆಂಬ ಅರಿವು ಇದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ, ಅದರ ಆಧಾರದ ಮೇಲೆ ಇಂಥ ಕೇಸುಗಳು ಹೈಕೋರ್ಟ್‌ನಲ್ಲಿ ರದ್ದಾಗುತ್ತವೆ. ಆದರೆ ಹದಿನೇಳರ ಹುಡುಗಿಯನ್ನು ಕರೆದುಕೊಂಡು ಅಲ್ಲಿಯವರೆಗೆ ಯಾಕೆ ಹೋಗಬೇಕು?

ನೀವಿಬ್ಬರೂ ಒಂದೇ ಮನೆಯಲ್ಲಿ ಹೊಡೆಯುವವರು, ಚೀಲಗಳು ಅದಲುಬದಲಾಗಿರುತ್ತವೆ. ಹಾಗಾಗಿ ಕೈಚೀಲಕ್ಕೆ ರೇಂಜ್ ಕಾಣದ ಹೊಸ ಚೀಲವನ್ನೇ ಬಳಸಿ. ಜಾಕೆಟ್ ಜೇಬು, ಮ್ಯಾಟಿನ ಮಡಿಕೆ, ಬೂಟಿನ ಒಳಗೆ ಕೈಯಾಡಿಸಿ ನೋಡಿ. ಮಕ್ಕಳು ಮೊದಲ ಪದಕದ ನೆನಪಿಗೆ ಖಾಲಿ ಕೇಸನ್ನು ಕೀಚೈನ್ ಮಾಡಿಕೊಂಡಿರುತ್ತಾರೆ, ಅದೂ ಮನೆಯಲ್ಲೇ ಇರಲಿ.

ನಾಳೆ ಮಗಳು ಜರ್ಮನಿಯ ಸೂಲ್‌ನಲ್ಲಿ ನಡೆಯುವ ಜೂನಿಯರ್ ವಿಶ್ವಕಪ್‌ನಂಥದ್ದಕ್ಕೆ ಆಯ್ಕೆಯಾದರೆ ಇಷ್ಟು ತಲೆಬಿಸಿ ನಿಮಗಿರುವುದಿಲ್ಲ. ತಂಡದ ರೈಫಲ್ ನಂಬರುಗಳನ್ನು ರಾಷ್ಟ್ರೀಯ ಅಸೋಸಿಯೇಷನ್ ಸಂಘಟಕರಿಗೆ ಕಳಿಸಿ ಆ ದೇಶದ ತಾತ್ಕಾಲಿಕ ಅನುಮತಿ ತರಿಸುತ್ತದೆ. ನೀವು ನೋಡಬೇಕಾದ್ದು, ಹೊರಡುವಾಗ ನಮ್ಮ ಕಸ್ಟಮ್ಸ್‌ನಲ್ಲಿ ರೈಫಲ್ ನಂಬರು ದಾಖಲಿಸಿ ಪತ್ರ ತೆಗೆದುಕೊಂಡಳೇ ಎಂಬುದು. ಇಲ್ಲದಿದ್ದರೆ ವಾಪಸ್ ಬಂದಾಗ ಹಳೇ ರೈಫಲ್ ಹೊಸದಾಗಿ ಕೊಂಡು ತಂದಂತೆ ಕಾಣುತ್ತದೆ.

ಕೊನೆಗೆ ನೀವು ಕೇಳದ ಒಂದು ಸಲಹೆ. ಹೋಗುವಾಗ ವಿಮಾನದಲ್ಲಿ ಹೋಗಿ, ಬರುವಾಗ ರೈಲಿನಲ್ಲಿ ಬನ್ನಿ. ಅವಸರ ಇರುವುದು ಹೋಗುವಾಗ ಮಾತ್ರ. ದೆಹಲಿಯ ಕೌಂಟರ್‌ನಲ್ಲಿ ನಿಂತು ಕೊಡಗಿನ ವಿನಾಯಿತಿಯನ್ನು ಹಿಂದಿಯಲ್ಲಿ ವಿವರಿಸುವ ಕಷ್ಟ ತಪ್ಪುತ್ತದೆ, ಸಿಲಿಂಡರ್ ಮತ್ತೆ ಖಾಲಿ ಮಾಡುವ ಕೆಲಸವೂ ಇಲ್ಲ. ವಿಮಾನದಲ್ಲೇ ಬರುವುದಾದರೆ ರೇಂಜ್ ಬಿಡುವ ಮೊದಲು ಉಳಿದ ತೋಟಾ ಎಣಿಸಿ, ಖಾಲಿ ಕೇಸು ಅಲ್ಲೇ ಬಿಡಿ. ಹೋಗುವಾಗ ಬರೆದ 200 ಅನ್ನೇ ಬರುವಾಗಲೂ ಬರೆಯಬೇಡಿ, ಡಬ್ಬಿ ತೆರೆಸಿ ಎಣಿಸುವವರು ಇದ್ದಾರೆ.